ವಿಜ್ಞಾನದ ನೋಟ್ ಬುಕ್ಕಿನಲ್ಲಿ 97 ಡಿಗ್ರಿ ಅಂತಲೇ ಬರೆಯಲಿ

ಎಂಟನೇ ಕ್ಲಾಸಿನಲ್ಲಿ ಒಮ್ಮೆ ನೀರು ಕುದಿಸಿ ತಾಪ ನೋಡುವ ಚಟುವಟಿಕೆ ಮಾಡಿಸಿದ್ದೆ. ಬೀಕರಿನಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಥರ್ಮಾಮೀಟರ್ 97ರ ಹತ್ತಿರ ಬಂದು ನಿಂತಿತು, ಎಷ್ಟು ಹೊತ್ತು ಕಾದರೂ ಮೇಲೆ ಹೋಗಲಿಲ್ಲ. ಆರು ಗುಂಪಿನ ಮಕ್ಕಳೂ ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದರು. ಸಂಜೆ ನೋಟ್ ಬುಕ್ ತೆರೆದರೆ ಎಲ್ಲರೂ 100 ಡಿಗ್ರಿ ಅಂತ ಬರೆದಿದ್ದಾರೆ. ಒಬ್ಬಳ ಪುಟದಲ್ಲಿ ಮಾತ್ರ ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದರೆ 100ರ ಕೆಳಗೆ ಮಸುಕಾಗಿ 97 ಕಾಣುತ್ತಿತ್ತು. ಮಾರನೇ ದಿನ "ಯಾಕಮ್ಮ ಉಜ್ಜಿದೆ?" ಅಂತ ಕೇಳಿದೆ. "ಪುಸ್ತಕದಲ್ಲಿ 100 ಅಂತ ಇದೆ ಮಿಸ್" ಅಂದಳು.

ಅವಳು ಮೊದಲು ಬರೆದದ್ದೇ ಸರಿ. ನಮ್ಮದು ಕೋಲಾರದ ಕಡೆಯ ಶಾಲೆ, ಸಮುದ್ರ ಮಟ್ಟದಿಂದ 800 ಮೀಟರಿಗಿಂತ ಎತ್ತರ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ. 900 ಮೀಟರಿನ ಮೇಲಿರುವ ಬೆಂಗಳೂರಿನಲ್ಲೂ ಹಾಗೇ. ಮಂಗಳೂರಿನಲ್ಲಿ, ಕಡಲ ಪಕ್ಕದಲ್ಲಿ ಕುದಿಸಿದರೆ 100ರ ಹತ್ತಿರ ಬರುತ್ತದೆ. ಎಂಥಾ ಒಳ್ಳೆ ಪಾಠ ಆಗಬಹುದಿತ್ತು ನೋಡಿ! ಅದು ರಬ್ಬರಿನಡಿ ಹೋಗಿಬಿಟ್ಟಿತ್ತು. ತಪ್ಪು ಆ ಹುಡುಗಿಯದಲ್ಲ. ನಾನು ಅಷ್ಟು ವರ್ಷ ನೋಟ್ಸ್ ಬರೆಸಿದ ರೀತಿಯೇ ಹಾಗಿತ್ತು. ಬೋರ್ಡ್ ಮೇಲೆ ಬರೆಯುವುದು, ಮಕ್ಕಳು ಇಳಿಸಿಕೊಳ್ಳುವುದು, ನಾನು ಕೆಂಪು ಪೆನ್ನಿನಲ್ಲಿ ಸಹಿ ಹಾಕುವುದು. ಐವತ್ತು ಪುಸ್ತಕ ತೆರೆದರೂ ಐವತ್ತರಲ್ಲೂ ಅದೇ ವಾಕ್ಯ, ಅದೇ ಚಿತ್ರ, ನನ್ನದೇ ತಪ್ಪು ಸ್ಪೆಲ್ಲಿಂಗ್ ಇದ್ದರೆ ಅದೂ ಅಲ್ಲೇ.

ಆಮೇಲೆ ಪದ್ಧತಿ ಬದಲಾಯಿಸಿದೆ. ಈಗ ಮಾಡುತ್ತಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ. 6ರಿಂದ 10ನೇ ಕ್ಲಾಸಿನವರೆಗೆ ವಿಜ್ಞಾನ ಹೇಳಿಕೊಡುವವರಿಗೆ ಇದು ಹೊಂದುತ್ತದೆ. ಮನೆಯಲ್ಲಿ ಮಕ್ಕಳ ಪುಸ್ತಕ ನೋಡುವ ಅಪ್ಪ ಅಮ್ಮಂದಿರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಪುಸ್ತಕ

ಜೂನ್ ಮೊದಲ ವಾರದಲ್ಲೇ ಹೇಳಿಬಿಡಿ, ಯಾಕೆಂದರೆ ಒಮ್ಮೆ ಮನೆಯವರು ಅಂಗಡಿಗೆ ಹೋಗಿ ಎಲ್ಲಾ ಸಬ್ಜೆಕ್ಟಿಗೂ ಒಟ್ಟಿಗೆ ತಂದುಬಿಟ್ಟರೆ ಇನ್ನೊಂದು ಕೊಡಿಸಿ ಅಂತ ಕೇಳುವುದು ಮಕ್ಕಳಿಗೆ ಕಷ್ಟ. 200 ಪುಟದ ಉದ್ದನೆಯ ಪುಸ್ತಕ, ಹೊಲಿಗೆ ಹಾಕಿದ್ದು. ಸ್ಪ್ರಿಂಗ್ ಪುಸ್ತಕ ಬೇಡ, ಹಾಳೆ ಹರಿಯುವುದು ತುಂಬಾ ಸುಲಭ ಆಗುತ್ತದೆ, ಹಾಳೆ ಹರಿಯಲೇಬಾರದು ಅನ್ನುವುದು ಈ ಪುಸ್ತಕದ ಮುಖ್ಯ ನಿಯಮ. ಒಂದು ಕಡೆ ಗೆರೆ, ಇನ್ನೊಂದು ಕಡೆ ಖಾಲಿ ಇರುವ ಪುಸ್ತಕ ಸಿಕ್ಕರೆ ಬಹಳ ಒಳ್ಳೆಯದು. ಸಿಗದಿದ್ದರೆ ಪೂರ್ತಿ ಗೆರೆ ಇರುವುದೇ ಆಗಲಿ, ಗೆರೆ ಮೇಲೂ ಚಿತ್ರ ಬರೆಯಬಹುದು. ಹಳೆ ವರ್ಷದ ಅರ್ಧ ಬರೆದ ಪುಸ್ತಕ ತಂದ ಮಗುವಿಗೆ ಬೈಯಬೇಡಿ. ಉಳಿದ ಹಾಳೆ ಎಣಿಸಿ, ನೂರು ಪುಟ ಇದ್ದರೆ ಸಾಕು, ಅಲ್ಲಿಂದಲೇ ಶುರು ಮಾಡಿಸಿ.

ಬ್ರೌನ್ ಪೇಪರ್, ಲೇಬಲ್ ಎಲ್ಲಾ ಮಕ್ಕಳೇ ಖುಷಿಯಿಂದ ಮಾಡಿಕೊಳ್ಳುತ್ತಾರೆ. ಅದಕ್ಕೆ ಮಾರ್ಕ್ಸ್ ಕೊಡಬೇಡಿ.

ಪುಟಕ್ಕೆ ನಂಬರ್, ಮೊದಲ ದಿನವೇ

ಮೊದಲ ಪೀರಿಯಡ್ಡಿನಲ್ಲಿ ಪಾಠ ಬೇಡ. ಎಲ್ಲರೂ ಕೂತು 1ರಿಂದ ಕೊನೆಯವರೆಗೆ ಪುಟದ ಮೇಲಿನ ಮೂಲೆಯಲ್ಲಿ ನಂಬರ್ ಹಾಕಲಿ. ನಲವತ್ತು ನಿಮಿಷದಲ್ಲಿ ಆಗಿಬಿಡುತ್ತದೆ, ನಿಧಾನದವರು ಮನೆಯಲ್ಲಿ ಮುಗಿಸಲಿ. ಸುಮ್ನೆ ಟೈಮ್ ವೇಸ್ಟ್ ಅನ್ನಿಸಬಹುದು. ಆದರೆ ಇದರಿಂದ ಎರಡು ಲಾಭ. ಒಂದು, ಹಾಳೆ ಹರಿದರೆ ಗೊತ್ತಾಗುತ್ತದೆ. ಇನ್ನೊಂದು, "ಪುಟ 34ರಲ್ಲಿ ನೀನು ಹೀಗೆ ಬರೆದಿದ್ದೆ, ಈಗ 71ರಲ್ಲಿ ಬೇರೆ ಬರೆದಿದ್ದೀಯ, ಯಾಕೆ?" ಅಂತ ಕೇಳಲು ಬರುತ್ತದೆ. ಮೈಕೆಲ್ ಫ್ಯಾರಡೆ ತನ್ನ ಪ್ರಯೋಗದ ದಿನಚರಿಯಲ್ಲಿ ಒಂದೊಂದು ಪ್ಯಾರಾಕ್ಕೂ ನಂಬರ್ ಹಾಕುತ್ತಾ ಹೋಗಿದ್ದ, ಆ ನಂಬರ್ 16,000 ದಾಟಿದೆ. ಹಳೆಯದನ್ನು ಹುಡುಕಿ ಹೊಸದಕ್ಕೆ ಜೋಡಿಸಲು ಅವನಿಗೆ ಅದೇ ದಾರಿ. ಮಕ್ಕಳಿಗೆ ಇದನ್ನು ಹೇಳಿದರೆ ನಂಬರ್ ಹಾಕುವ ಬೇಜಾರು ಸ್ವಲ್ಪ ಕಡಿಮೆಯಾಗುತ್ತದೆ.

ಮೊದಲ ನಾಲ್ಕು ಪುಟ ಪರಿವಿಡಿಗೆ ಬಿಡಿ. ತಾರೀಖು, ಏನು, ಪುಟ, ಈ ಮೂರು ಕಾಲಂ ಸಾಕು. ಪರಿವಿಡಿಯನ್ನು ಟೀಚರ್ ತುಂಬಿಸುವುದಲ್ಲ, ಪ್ರತಿ ಶನಿವಾರ ಮಕ್ಕಳೇ ಐದು ನಿಮಿಷ ಕೂತು ಆ ವಾರದ್ದು ಸೇರಿಸಬೇಕು. ಕೊನೆಯಿಂದ ಹತ್ತು ಪುಟ ಪದಗಳಿಗೆ, ಅದರ ಹಿಂದಿನ ನಾಲ್ಕು ಪುಟ "ನನ್ನ ಪ್ರಶ್ನೆಗಳು" ಅಂತ ಬಿಡಿ. ಇವೆರಡರ ಬಗ್ಗೆ ಕೆಳಗೆ ಹೇಳುತ್ತೇನೆ.

ಎಡಗಡೆ ಯಾರದ್ದು, ಬಲಗಡೆ ಯಾರದ್ದು

ಪುಸ್ತಕ ಬಿಚ್ಚಿದರೆ ಎರಡು ಪುಟ ಕಾಣುತ್ತವೆ ಅಲ್ವಾ, ಬಲಗಡೆಯದು ಕ್ಲಾಸಿನದು. ಪಾಠದ ಹೆಸರು, ವ್ಯಾಖ್ಯೆ, ಬೋರ್ಡ್ ಮೇಲೆ ಬರೆದ ಸೂತ್ರ, ಪ್ರಯೋಗದ ವಿಧಾನ ಎಲ್ಲಾ ಅಲ್ಲಿ. ಎಡಗಡೆ ಪುಟ ಪೂರ್ತಿ ಮಗುವಿನದು. ಅದು ಕಂಡದ್ದು, ಅಳೆದದ್ದು, ಅದರ ಚಿತ್ರ, ಅನುಮಾನ, ಮನೆಯಲ್ಲಿ ಅಜ್ಜಿ ಹೇಳಿದ್ದು, ಯಾವುದಾದರೂ ಸರಿ. ಎಡಗಡೆಯಲ್ಲಿ ಎರಡು ಮಕ್ಕಳದ್ದು ಒಂದೇ ಥರ ಇದ್ದರೆ ಯಾರೋ ಒಬ್ಬರು ನೋಡಿ ಬರೆದಿದ್ದಾರೆ ಅಂತಲೇ ಅರ್ಥ.

ಮೊದಲ ತಿಂಗಳು ಎಡಗಡೆ ಖಾಲಿಯಾಗೇ ಇರುತ್ತದೆ. ಹೆದರಬೇಡಿ. ಏಳು ವರ್ಷ ಬೋರ್ಡ್ ನೋಡಿ ಬರೆದ ಮಗುವಿಗೆ ಒಮ್ಮೆಲೇ ನಿನ್ನದು ಬರೆ ಅಂದರೆ ಏನು ಬರೆಯಬೇಕು ಅಂತಲೇ ತೋಚುವುದಿಲ್ಲ. ಶುರುವಿಗೆ ಒಂದು ವಾಕ್ಯ ಅರ್ಧ ಕೊಡಿ. "ನನಗೆ ಆಶ್ಚರ್ಯ ಆಗಿದ್ದು...", "ನಾನು ಅಂದುಕೊಂಡಿದ್ದು ..., ಆದರೆ ಆಗಿದ್ದು ...". ಎರಡನೆಯದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನೊಂದು ಮಾತು. ಎಡಗಡೆ ಪುಟದಲ್ಲಿ ಮನೆಯ ಭಾಷೆ ಬರಲಿ. ಗ್ರಂಥದ ಕನ್ನಡ ಬೇಕಿಲ್ಲ. "ನೀರು ಗುಳುಗುಳು ಅಂತು, ಆಮೇಲೆ ಬುಡದಿಂದ ಗುಳ್ಳೆ ಎದ್ದವು" ಅಂತ ಬರೆದ ಮಗು ಕಣ್ಣಾರೆ ನೋಡಿದೆ. "ನೀರಿನ ಕುದಿಯುವಿಕೆಯನ್ನು ವೀಕ್ಷಿಸಲಾಯಿತು" ಅಂತ ಬರೆದ ಮಗು ನೋಡಿದೆಯೋ ಇಲ್ಲವೋ ಹೇಳಲಾಗದು. ಪರೀಕ್ಷೆಯ ಭಾಷೆ ಬಲಗಡೆ ಪುಟದಿಂದ ತಾನಾಗೇ ಬರುತ್ತದೆ. ಇಂಗ್ಲಿಷ್ ಮೀಡಿಯಂ ಮಕ್ಕಳೂ ಎಡಗಡೆ ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಬರೆದರೆ ಬೇಡ ಅನ್ನಬೇಡಿ. ನಮ್ಮ ಗಡಿ ಕಡೆ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳೇ ಜಾಸ್ತಿ.

ಮೊದಲ ಪ್ರಯೋಗ: ಅರಿಶಿನದ ಪಟ್ಟಿ

ಪುಸ್ತಕಕ್ಕೆ ಮಕ್ಕಳು ಒಗ್ಗಿಕೊಳ್ಳಲು ಮೊದಲ ವಾರವೇ ಒಂದು ಸಣ್ಣ ಪ್ರಯೋಗ ಮಾಡಿಸಿ. ನಾನು ಅರಿಶಿನದಿಂದ ಶುರು ಮಾಡುತ್ತೇನೆ, ಖರ್ಚಿಲ್ಲ, ಎಲ್ಲರ ಮನೆಯಲ್ಲೂ ಇದೆ. ಅರಿಶಿನ ಪುಡಿಯನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಹಚ್ಚಿ ನೆರಳಲ್ಲಿ ಒಣಗಿಸಿ. ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಒಬ್ಬೊಬ್ಬರಿಗೂ ಕೊಡಿ, ಅದನ್ನು ಎಡಗಡೆ ಪುಟಕ್ಕೆ ಅಂಟಿಸಲಿ. ನಿಂಬೆ ರಸ, ಹುಣಸೆ ನೀರು, ಸೋಪಿನ ನೀರು, ಸುಣ್ಣದ ತಿಳಿನೀರು, ಬರೀ ನೀರು. ಈ ಐದನ್ನು ಬೆಂಕಿಕಡ್ಡಿಯ ಹಿಂಭಾಗದಿಂದ ಒಂದೊಂದು ಚುಕ್ಕೆ ಇಡಬೇಕು. ಸುಣ್ಣದ ನೀರನ್ನು ಮಾತ್ರ ನೀವೇ ಇಡಿ, ಕಣ್ಣಿಗೆ ಹಾರಿದರೆ ಅಪಾಯ.

ಚುಕ್ಕೆ ಇಡುವ ಮೊದಲು ಊಹೆ ಬರೆಯಲೇಬೇಕು. ಪೆನ್ನಿನಲ್ಲಿ. ಇದನ್ನು ಬಿಟ್ಟರೆ ಇಡೀ ಪ್ರಯೋಗ ಸಪ್ಪೆಯಾಗುತ್ತದೆ. ಹೆಚ್ಚಿನವರು ಐದೂ ಬಣ್ಣ ಬದಲಾಗುತ್ತವೆ ಅಂತ ಬರೆಯುತ್ತಾರೆ. ಆಮೇಲೆ ಸೋಪು ಮತ್ತು ಸುಣ್ಣದ ಜಾಗ ಮಾತ್ರ ಕೆಂಪಾದಾಗ ಕ್ಲಾಸು ಗಲಾಟೆಯಾಗುತ್ತದೆ. ಯಾರಾದರೂ ಒಬ್ಬರು "ಮಿಸ್, ಆರತಿ ನೀರು!" ಅಂತ ಕೂಗಿಯೇ ಕೂಗುತ್ತಾರೆ. ಹೌದು, ಅರಿಶಿನಕ್ಕೆ ಸುಣ್ಣ ಹಾಕಿಯೇ ಅಲ್ವಾ ಆರತಿ ನೀರು ಕೆಂಪಾಗುವುದು. ಆ ಮಾತು ಆ ಮಗುವಿನ ಎಡಗಡೆ ಪುಟಕ್ಕೆ ಹೋಗಬೇಕು, ಬಿಳಿ ಅಂಗಿಯ ಸಾರಿನ ಕಲೆಗೆ ಸೋಪು ಹಚ್ಚಿದಾಗ ಕೆಂಪಾಗಿದ್ದನ್ನು ನೋಡಿದ ಮಗು ಅದನ್ನು ಬರೆಯಬೇಕು. ಸೋಪು, ಸುಣ್ಣದಂಥವಕ್ಕೆ ಹೇಳುವ ಪ್ರತ್ಯಾಮ್ಲ ಅನ್ನುವ ಪದ ಆಮೇಲೆ ಬಲಗಡೆ ಬರಲಿ. ಒಂದು ವಾರ ಬಿಟ್ಟು ಅದೇ ಪುಟ ಮತ್ತೆ ತೆರೆಸಿ, ಚುಕ್ಕೆಗಳ ಬಣ್ಣ ಹಾಗೇ ಇದೆಯಾ ಅಂತ ನೋಡಿ, ಹೊಸ ತಾರೀಖು ಹಾಕಿ ಅಲ್ಲೇ ಕೆಳಗೆ ಬರೆಸಿ. ಬರೆದ ಪುಟಕ್ಕೆ ವಾಪಸ್ ಬರಬಹುದು ಅನ್ನುವುದು ಮಕ್ಕಳಿಗೆ ಆವತ್ತು ಗೊತ್ತಾಗುತ್ತದೆ.

ಪ್ರಯೋಗದ ಪುಟ ಬರೆಯುವ ರೀತಿ

ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಅಂತ ನಾವೆಲ್ಲಾ ಬರೆದವರೇ. ಅದನ್ನು ಬಿಡಬೇಕಿಲ್ಲ, ಪರೀಕ್ಷೆಗೂ ಬೇಕು. ಆದರೆ ಉದ್ದೇಶದ ಜಾಗದಲ್ಲಿ ಒಂದು ಪ್ರಶ್ನೆ ಬರೆಸಿ. "ನೀರಿನ ಕುದಿಬಿಂದು ಕಂಡುಹಿಡಿಯುವುದು" ಅಂತ ಬರೆದರೆ ಮುಗಿದೇಹೋಯಿತು, ಉತ್ತರ ಎಲ್ಲರಿಗೂ ಗೊತ್ತು. "ನಮ್ಮ ಊರಿನಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ?" ಅಂತ ಬರೆದರೆ ನೋಡಲೇಬೇಕಾಗುತ್ತದೆ.

ಪ್ರಶ್ನೆ ಆದಮೇಲೆ ಊಹೆ. ಆಮೇಲೆ ಮಾಡಿದ್ದು, ಚಿಕ್ಕದಾಗಿ. ಆಮೇಲೆ ಕಂಡದ್ದು, ಇದು ಪುಟದ ಅರ್ಧ ಭಾಗ ತುಂಬಬೇಕು. ಕೊನೆಗೆ ಯಾಕಿರಬಹುದು. "ಇರಬಹುದು" ಅನ್ನುವ ಪದ ಇರಲಿ.

ಕಂಡದ್ದನ್ನು ಪ್ರಯೋಗ ನಡೆಯುತ್ತಿರುವಾಗಲೇ ಬರೆಯಬೇಕು. ಹಿಂದಿನ ಹಾಳೆಯಲ್ಲಿ ಬರೆದುಕೊಂಡು ಮನೆಯಲ್ಲಿ ನೀಟಾಗಿ ಇಳಿಸುತ್ತೇನೆ ಅಂದರೆ ಒಪ್ಪಬೇಡಿ, ಇಳಿಸುವಾಗಲೇ 97 ಹೋಗಿ 100 ಆಗುವುದು. ಅಕ್ಷರ ಸೊಟ್ಟ ಆದರೂ ಪರವಾಗಿಲ್ಲ, ನೀರು ಚೆಲ್ಲಿ ಪುಟ ಮುದುಡಿದರೂ ಪರವಾಗಿಲ್ಲ. ತಾರೀಖು, ಗಂಟೆ ಎರಡೂ ಬೇಕು. 1610ರ ಜನವರಿ 7ರ ರಾತ್ರಿ ಗೆಲಿಲಿಯೋ ಗುರು ಗ್ರಹದ ಪಕ್ಕ ಮೂರು ಚಿಕ್ಕ ನಕ್ಷತ್ರ ಕಂಡು ಅವು ಎಲ್ಲೆಲ್ಲಿ ಇವೆ ಅಂತ ಗುರುತು ಹಾಕಿಕೊಂಡ. ಮಾರನೇ ರಾತ್ರಿ ಅವು ಜಾಗ ಬದಲಿಸಿದ್ದವು, 13ರಂದು ನಾಲ್ಕು ಕಂಡವು. ತಾರೀಖು ಹಾಕಿದ ಆ ಪುಟಾಣಿ ಗುರುತುಗಳನ್ನು ಸಾಲಾಗಿ ಇಟ್ಟು ನೋಡಿದ್ದರಿಂದಲೇ ಅವು ಗುರುವನ್ನು ಸುತ್ತುವ ಚಂದ್ರಗಳು ಅಂತ ತಿಳಿದಿದ್ದು. ಬೋರ್ಡ್ ಮೇಲೆ ಒಂದು ದೊಡ್ಡ ಸೊನ್ನೆ, ಅದರ ಆಚೀಚೆ ಚುಕ್ಕೆ ಹಾಕಿ ತೋರಿಸಿ, ಎರಡು ನಿಮಿಷದ ಕೆಲಸ.

ರಬ್ಬರ್ ಬಗ್ಗೆ ನಾನು ತುಂಬಾ ಕಟ್ಟುನಿಟ್ಟು. ಕಂಡದ್ದನ್ನು ಬರೆಯುವಾಗ ರಬ್ಬರ್, ವೈಟ್ನರ್ ಎರಡೂ ಬ್ಯಾಗಿನೊಳಗೆ ಇರಬೇಕು. ತಪ್ಪಾಯಿತು ಅನ್ನಿಸಿದರೆ ಓದಲು ಆಗುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಯಾಕೆ ಬದಲಾಯಿಸಿದೆ ಅಂತ ಒಂದು ಪದ ಹಾಕಬೇಕು. ದೊಡ್ಡ ಪ್ರಯೋಗಾಲಯಗಳಲ್ಲೂ ಇದೇ ನಿಯಮ. ಚಿತ್ರ ಬರೆಯುವಾಗ ಮಾತ್ರ ಪೆನ್ಸಿಲ್ಲು, ರಬ್ಬರ್ರು ಬಳಸಲಿ.

ಎಷ್ಟು ಗುಂಪು ಇವೆಯೋ ಅಷ್ಟೂ ಗುಂಪಿನ ಅಳತೆಯನ್ನು ಬೋರ್ಡ್ ಮೇಲೆ ಒಂದು ಕೋಷ್ಟಕದಲ್ಲಿ ಬರೆಸಿ, ಎಲ್ಲರೂ ಅದನ್ನು ಪುಸ್ತಕಕ್ಕೆ ಇಳಿಸಲಿ. ಒಂದು ಗುಂಪಿನದು 96, ಇನ್ನೊಂದರದು 97.5 ಬರುತ್ತದೆ. ಯಾರದು ಸರಿ ಅಂತ ಜಗಳ ಶುರುವಾದರೆ ಒಳ್ಳೆಯದೇ. ಥರ್ಮಾಮೀಟರಿನ ಬುಡ ಬೀಕರಿಗೆ ತಾಗಿತ್ತಾ, ಕಣ್ಣು ಅದೇ ಮಟ್ಟದಲ್ಲಿ ಇಟ್ಟು ಓದಿದರಾ, ಥರ್ಮಾಮೀಟರೇ ಸ್ವಲ್ಪ ಹೆಚ್ಚು ಕಡಿಮೆ ತೋರಿಸುತ್ತದಾ, ಇದೆಲ್ಲಾ ಆಗ ಅವರೇ ಹೇಳುತ್ತಾರೆ.

ಚಿತ್ರ: ಈರುಳ್ಳಿ ಸಿಪ್ಪೆಯ ಕಥೆ

ಈರುಳ್ಳಿಯ ಒಳಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ "ಕಂಡದ್ದು ಬಿಡಿಸಿ" ಅಂದರೆ ಮಕ್ಕಳು ಪಠ್ಯಪುಸ್ತಕದ ಚಿತ್ರವನ್ನೇ ಬಿಡಿಸುತ್ತಾರೆ, ಇಟ್ಟಿಗೆ ಗೋಡೆಯ ಹಾಗೆ ಸಾಲಾಗಿ, ಪ್ರತಿಯೊಂದರಲ್ಲೂ ಒಂದು ಕಪ್ಪು ಚುಕ್ಕೆ. ಒಬ್ಬ ಹುಡುಗ ಮಾತ್ರ ಗುಂಡಗೆ, ದಪ್ಪ ಕಪ್ಪು ಅಂಚಿನ ದೊಡ್ಡ ಉಂಗುರ ಬಿಡಿಸಿದ್ದ. ಪಕ್ಕದವರು ನಕ್ಕರು. ನಾನು ಹೋಗಿ ನೋಡಿದರೆ ಅವನ ಸ್ಲೈಡಿನಲ್ಲಿ ಕಾಣುತ್ತಿದ್ದುದು ಅದೇ, ಗಾಳಿಗುಳ್ಳೆ. ಅವನು ಕಂಡದ್ದನ್ನೇ ಬಿಡಿಸಿದ್ದ. ಆ ಚಿತ್ರದ ಪಕ್ಕ "ಇದು ಗಾಳಿಗುಳ್ಳೆ, ಕವರ್ ಸ್ಲಿಪ್ ಓರೆಯಾಗಿ ನಿಧಾನಕ್ಕೆ ಇಳಿಸಬೇಕು" ಅಂತ ಅವನೇ ಬರೆದ, ಎರಡನೇ ಸಲ ಸರಿಯಾಗಿ ಇಟ್ಟು ಜೀವಕೋಶ ಬಿಡಿಸಿದ. ಇಡೀ ಕ್ಲಾಸಿನಲ್ಲಿ ಆವತ್ತಿನ ಅತ್ಯುತ್ತಮ ಪುಟ ಅದು.

ಹಾಗಾಗಿ ಎರಡು ಚಿತ್ರ ಬರೆಸಿ. ಎಡಗಡೆ ತಾನು ಕಂಡದ್ದು, ಬಲಗಡೆ ಪಠ್ಯಪುಸ್ತಕದ್ದು, ಭಾಗ ಗುರುತಿಸಿ. ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರಕ್ಕೆ ಮಾರ್ಕ್ಸ್ ಇದೆ, ಬಲಗಡೆಯದನ್ನು ಚೆನ್ನಾಗಿ ಅಭ್ಯಾಸ ಮಾಡಲೇಬೇಕು. ಚೂಪಾದ ಪೆನ್ಸಿಲ್, ಶೇಡಿಂಗ್ ಬೇಡ, ಗುರುತಿನ ಗೆರೆ ಸ್ಕೇಲಿನಿಂದ, ಒಂದನ್ನೊಂದು ದಾಟಬಾರದು, ಹೆಸರುಗಳೆಲ್ಲಾ ಒಂದೇ ಕಡೆ. ಎಡಗಡೆಯದಕ್ಕೆ ಇಷ್ಟು ನಿಯಮ ಬೇಡ. ಎಷ್ಟು ಪಟ್ಟು ದೊಡ್ಡದು ಮಾಡಿ ನೋಡಿದ್ದು ಅನ್ನುವುದು ಮಾತ್ರ ಬರೆದಿರಬೇಕು.

ಪದಗಳ ಪುಟ, ಪ್ರಶ್ನೆಗಳ ಪುಟ

ದ್ಯುತಿಸಂಶ್ಲೇಷಣೆ, ಪರಾಗಸ್ಪರ್ಶ, ಬಾಷ್ಪವಿಸರ್ಜನೆ. ಈ ಪದಗಳೇ ಮಕ್ಕಳನ್ನು ಓಡಿಸಿಬಿಡುತ್ತವೆ. ಹಿಂದಿನ ಪುಟಗಳಲ್ಲಿ ಪದ, ಅದರ ಇಂಗ್ಲಿಷ್ ರೂಪ, ತನ್ನ ಮಾತಿನಲ್ಲಿ ಅರ್ಥ, ಒಂದು ಪುಟ್ಟ ಚಿತ್ರ, ಇಷ್ಟು ಬರೆಸಿ. ಪದವನ್ನು ಒಡೆದು ತೋರಿಸಿ. ದ್ಯುತಿ ಅಂದರೆ ಬೆಳಕು, ಸಂಶ್ಲೇಷಣೆ ಅಂದರೆ ಕೂಡಿಸಿ ಮಾಡುವುದು. ಪಿಯುಸಿಗೆ ಹೋದಮೇಲೆ ವಿಜ್ಞಾನ ಪೂರ್ತಿ ಇಂಗ್ಲಿಷಿನಲ್ಲಿ ಎದುರಾಗುವ ಕನ್ನಡ ಮೀಡಿಯಂ ಮಕ್ಕಳಿಗೆ ಈ ಹತ್ತು ಪುಟ ತುಂಬಾ ಕೈ ಹಿಡಿಯುತ್ತದೆ.

ಪ್ರಶ್ನೆಗಳ ಪುಟದಲ್ಲಿ ಉತ್ತರ ಸಿಕ್ಕದ ಪ್ರಶ್ನೆ ಇರಲಿ. ತಿಂಗಳಿಗೆ ಒಂದು ಪೀರಿಯಡ್ ಅವುಗಳಿಗೇ ಮೀಸಲಿಡಿ. ನಿಮಗೂ ಗೊತ್ತಿಲ್ಲದ್ದಿದ್ದರೆ ಗೊತ್ತಿಲ್ಲ ಅಂತ ಹೇಳಿ, ಹುಡುಕೋಣ ಅನ್ನಿ. ಮಕ್ಕಳ ಪ್ರಶ್ನೆ ತಕ್ಷಣ ಮುಚ್ಚಿಹಾಕಬಾರದು.

ತಿದ್ದುವುದು

ಇದೇ ದೊಡ್ಡ ತಲೆನೋವು ಅಂತ ಗೊತ್ತು. ಮೂರು ಕ್ಲಾಸು, ನೂರೈವತ್ತು ಪುಸ್ತಕ, ಜೊತೆಗೆ ಆಫೀಸಿನ ಕೆಲಸ. ಎಲ್ಲಾ ಪುಟ ನೋಡಲು ಆಗುವುದಿಲ್ಲ, ನೋಡಬೇಕಾಗಿಯೂ ಇಲ್ಲ. ದಿನಕ್ಕೆ ಹತ್ತು ಪುಸ್ತಕ ತೆಗೆದುಕೊಳ್ಳಿ, ಎರಡು ಬೆಂಚಿನದ್ದು. ಪ್ರತಿ ಮಗುವೂ ತಾನೇ ಒಂದು ಪುಟ ಆರಿಸಿ ಚೀಟಿ ಇಟ್ಟು ಕೊಡಲಿ, "ನನ್ನ ಒಳ್ಳೆ ಪುಟ" ಅಂತ. ಆ ಪುಟ ಪೂರ್ತಿ ಓದಿ, ಇನ್ನೊಂದು ಪುಟ ನೀವೇ ತೆರೆದು ಕಣ್ಣಾಡಿಸಿ. ಬರೀ ಸಹಿ ಹಾಕುವ ಬದಲು ಒಂದು ಪ್ರಶ್ನೆ ಬರೆಯಿರಿ. "ಮೂರನೇ ದಿನ ಹೆಸರುಕಾಳು ಹತ್ತರಲ್ಲಿ ಏಳು ಮೊಳೆತವು ಅಂದಿದ್ದೀಯ, ಉಳಿದ ಮೂರು ಏನಾದವು?" ಅಂತ. ಮುಂದಿನ ಸಲ ಪುಸ್ತಕ ಬರುವಷ್ಟರಲ್ಲಿ ಮಗು ಅದರ ಕೆಳಗೆ ಉತ್ತರ ಬರೆದಿರಬೇಕು. ಹೀಗೆ ನಡೆದರೆ ಪುಸ್ತಕದಲ್ಲೇ ಒಂದು ಮಾತುಕತೆ ಬೆಳೆಯುತ್ತದೆ, ಕ್ಲಾಸಿನಲ್ಲಿ ಬಾಯೇ ಬಿಡದ ಮಕ್ಕಳು ಅಲ್ಲಿ ಪುಟಗಟ್ಟಲೆ ಮಾತಾಡುತ್ತಾರೆ.

ಎಡಗಡೆ ಪುಟದಲ್ಲಿ ಕಾಗುಣಿತ ತಿದ್ದಬೇಡಿ, ಊಹೆ ತಪ್ಪಾಗಿದ್ದಕ್ಕೆ ಮಾರ್ಕ್ಸ್ ಕಡಿಯಬೇಡಿ. ತಾರೀಖು ಇದೆಯಾ, ಅಳತೆಗೆ ಏಕಮಾನ ಬರೆದಿದೆಯಾ, ತಾನೇ ಕಂಡದ್ದಾ, ಯಾಕೆ ಅಂತ ಯೋಚಿಸಿದೆಯಾ, ಇಷ್ಟು ನೋಡಿ. ರೂಪಣಾತ್ಮಕ ಮೌಲ್ಯಮಾಪನಕ್ಕೆ, ಅಂದರೆ ವರ್ಷದ ನಡುನಡುವೆ ಕಲಿಕೆ ನೋಡಿ ಕೊಡುವ ಮಾರ್ಕ್ಸಿಗೆ, ಹೇಗೂ ಚಟುವಟಿಕೆಯ ಮಾರ್ಕ್ಸ್ ಹಾಕಲೇಬೇಕಲ್ಲ, ಬೇರೆ ಥರ್ಮಾಕೋಲ್ ಮಾಡೆಲ್ ತರಿಸುವ ಬದಲು ಈ ಪುಸ್ತಕವನ್ನೇ ಆಧಾರ ಮಾಡಿಕೊಳ್ಳಬಹುದು.

ಕಿರುಪರೀಕ್ಷೆ ಕೊಡುವಾಗ ಪುಸ್ತಕ ಬಿಚ್ಚಿ ಬರೆಯಲು ಬಿಡಿ, ಆದರೆ ತನ್ನ ಪುಸ್ತಕದಲ್ಲಿ ಮಾತ್ರ ಉತ್ತರ ಇರುವ ಪ್ರಶ್ನೆ ಕೇಳಿ. "ನಿಮ್ಮ ಗುಂಪಿನ ಕುದಿಬಿಂದು ಎಷ್ಟಿತ್ತು? ಪಕ್ಕದ ಗುಂಪಿನದಕ್ಕೂ ನಿಮ್ಮದಕ್ಕೂ ವ್ಯತ್ಯಾಸ ಯಾಕೆ ಬಂದಿರಬಹುದು?" ಇಂಥ ಒಂದು ಟೆಸ್ಟ್ ಕೊಟ್ಟ ಮೇಲೆ ಪುಸ್ತಕ ಬರೆಯಿರಿ ಅಂತ ನಾನು ಹೇಳಬೇಕಾಗಿಯೇ ಬಂದಿಲ್ಲ.

ಬರುವ ತೊಂದರೆಗಳು

ಗೈರುಹಾಜರಾದ ಮಗು ಬೇರೆಯವರ ಅಳತೆಯನ್ನು ತನ್ನದು ಅಂತ ಬರೆಯಬಾರದು. "ನಾನು ಬಂದಿರಲಿಲ್ಲ, ಇದು ಇಂಥವರ ಗುಂಪಿನದು" ಅಂತ ಬರೆದು ಇಳಿಸಿಕೊಳ್ಳಲಿ, ಅದು ಪೂರ್ತಿ ಸರಿಯಾದ ಪದ್ಧತಿ. ಪುಸ್ತಕ ಮರೆತು ಬರುವುದು ಜಾಸ್ತಿಯಾದರೆ ವಾರದ ದಿನ ಪುಸ್ತಕ ಕ್ಲಾಸಿನ ಬೀರುವಿನಲ್ಲೇ ಇರಲಿ, ಶನಿವಾರ ಮನೆಗೆ ಹೋಗಲಿ. ಬೀರು ಇಲ್ಲದಿದ್ದರೆ ಒಂದು ರಟ್ಟಿನ ಡಬ್ಬ ಸಾಕು, ಮಳೆಗಾಲದಲ್ಲಿ ಸೋರುವ ಮೂಲೆ ಬಿಟ್ಟು ಇಡಿ.

ತಪಾಸಣೆಗೆ ಬಂದವರು ಪ್ರಶ್ನೋತ್ತರ ಪೂರ್ತಿ ಆಗಿದೆಯಾ ಅಂತ ಕೇಳಿಯೇ ಕೇಳುತ್ತಾರೆ. ಅದಕ್ಕೆ ನೂರು ಪುಟದ ಬೇರೆ ತೆಳು ಪುಸ್ತಕ ಇಡಿಸಿ, ಅಭ್ಯಾಸದ ಪ್ರಶ್ನೋತ್ತರ ಎಲ್ಲಾ ಅದರಲ್ಲಿ. ಎರಡನ್ನೂ ಒಂದರಲ್ಲೇ ತುರುಕಿದರೆ ಪ್ರಶ್ನೋತ್ತರವೇ ಪುಸ್ತಕ ನುಂಗುತ್ತದೆ. ಮಕ್ಕಳು ಕಂಡದ್ದು ಬರೆದ ಪುಟಗಳನ್ನೂ ಬಂದವರಿಗೆ ತೋರಿಸಿ, ಮಗುವಿನ ಕೈಯಲ್ಲೇ ವಿವರಿಸಿ ಹೇಳಿಸಿ.

ಇನ್ನು ಒಂದು ಕೆಲಸ ವರ್ಷವಿಡೀ ನಡೆಯುವಂಥದ್ದು ಇರಲಿ. ನಾವು ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟು ಮಧ್ಯಾಹ್ನದ ನೆರಳು ಅಳೆಯುತ್ತೇವೆ, ವಾರಕ್ಕೊಮ್ಮೆ, 12 ಗಂಟೆ 20 ನಿಮಿಷದ ಸುಮಾರಿಗೆ, ಸರದಿಯ ಮೇಲೆ. ಜೂನಿನಲ್ಲಿ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಬರಬರುತ್ತಾ ಚಿಕ್ಕದಾಗಿ ಬೆಂಗಳೂರಿನ ಸುತ್ತಮುತ್ತ ಆಗಸ್ಟ್ 18ರ ಹೊತ್ತಿಗೆ ಕೋಲಿನ ಬುಡಕ್ಕೇ ಬಂದು ಸೇರುತ್ತದೆ, ಆಮೇಲೆ ಉತ್ತರಕ್ಕೆ ಬೆಳೆಯುತ್ತಾ ಹೋಗುತ್ತದೆ. ಮೋಡ ಇದ್ದ ದಿನ "ಮೋಡ" ಅಂತಲೇ ಬರೆಯಬೇಕು, ಹಿಂದಿನ ಮುಂದಿನ ಸಂಖ್ಯೆ ನೋಡಿ ಮಧ್ಯದ್ದು ತುಂಬಬಾರದು. ಆ 97 ಉಜ್ಜಿದ್ದ ಹುಡುಗಿಯ ನೆರಳಿನ ಪಟ್ಟಿಯಲ್ಲಿ ಜುಲೈ ತಿಂಗಳು ಪೂರ್ತಿ ಮೋಡ, ಮೋಡ, ಮೋಡ, ಮಳೆ ಅಂತಲೇ ಇತ್ತು.